ಹಳೇ ಅಂಗೈ ಕಂಪ್ಯೂಟರಿಗೆ ದನಿ ಕೂಡಿಸುವುದು: ಸೈಯಾನ್ 3ಎ, ಪಾಮ್ ಮತ್ತು ಮೊದಲ ಪಾಕೆಟ್ ಪಿಸಿಗಳು

ಎಂಪಿ3 ಫೈಲನ್ನು ಹಾಗೇ ತಂದು ಸೈಯಾನ್ ಸೀರೀಸ್ 3ಎ ಒಳಗೆ ಹಾಕಿದರೆ ಅದು ಬಾಯಿ ಬಿಡುವುದಿಲ್ಲ. ಪಾಮ್ III ಅಂತೂ ಅದನ್ನು ಫೈಲ್ ಅಂತಲೇ ಒಪ್ಪುವುದಿಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡು ಮತ್ತೆ ಅಟ್ಟಕ್ಕೆ ಎಸೆಯಬೇಡಿ. 1993ರ ಸೈಯಾನ್ 3ಎಯಲ್ಲಿರುವುದು 7.68 ಮೆಗಾಹರ್ಟ್ಸ್ ಓಟದ ವಿ30 ಜಾತಿಯ ಪ್ರೊಸೆಸರ್. ಎಂಪಿ3 ಬಿಡಿಸುವ ಲೆಕ್ಕ ಅದರ ಕೈಗೆ ಎಟುಕುವುದೇ ಇಲ್ಲ. ಆದರೆ ಬಿಡಿಸಿ, ಸೋಸಿ, ಅಳತೆಗೆ ಕತ್ತರಿಸಿಕೊಟ್ಟ ದನಿಯನ್ನು ಅದು ಅಚ್ಚುಕಟ್ಟಾಗಿ ನುಡಿಸುತ್ತದೆ. ಅಡುಗೆಯೆಲ್ಲ ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಮುಗಿಯಬೇಕು, ಅಂಗೈ ಯಂತ್ರಕ್ಕೆ ಬಡಿಸುವ ಕೆಲಸ ಮಾತ್ರ ಬಿಡಬೇಕು.

ಒಂದು ಲೆಕ್ಕ ನೋಡಿ. ಸೈಯಾನ್ 3ಎ ನುಡಿಸುವುದು ಸೆಕೆಂಡಿಗೆ 8,000 ಸ್ಯಾಂಪಲ್ (ದನಿಯ ಅಲೆಯನ್ನು ಅಳೆದ ಒಂದೊಂದು ಅಂಕಿ), ಒಂದೊಂದಕ್ಕೆ 8 ಬಿಟ್, ಟೆಲಿಫೋನ್ ಜಾಲಗಳ ಎ-ಲಾ ಪದ್ಧತಿ. ಅಂದರೆ ಸೆಕೆಂಡಿಗೆ 8,000 ಬೈಟ್, ನಿಮಿಷಕ್ಕೆ 4,80,000 ಬೈಟ್. 64 ಕಿಲೋಬಿಟ್‌ನ ಎಂಪಿ3 ಕೂಡ ನಿಮಿಷಕ್ಕೆ ಅಷ್ಟೇ ಜಾಗ ತಿನ್ನುತ್ತದೆ. ಜಾಗ ಒಂದೇ, ಎಂಪಿ3ಯ ಗುಣಮಟ್ಟ ಬಹಳ ಮೇಲು. ಆ ವ್ಯತ್ಯಾಸವನ್ನು ಪ್ರೊಸೆಸರ್ ದುಡಿದು ತುಂಬಿಕೊಡುತ್ತದೆ. ದುಡಿಯುವ ತ್ರಾಣ ಇಲ್ಲದ ಕಡೆ ಟೆಲಿಫೋನಿನ ದನಿಗೇ ತೃಪ್ತಿಪಡಬೇಕು. ತೀರಾ ಬೇಸರದ ಮಾತೇನಲ್ಲ ಇದು. 9 ಕಿಲೋಹರ್ಟ್ಸ್ ಅಂತರದ ಮೀಡಿಯಂ ವೇವ್ ಕೇಂದ್ರಗಳಲ್ಲಿ ದನಿಗೆ ಸಿಗುವುದು ಹೆಚ್ಚುಕಮ್ಮಿ 4.5 ಕಿಲೋಹರ್ಟ್ಸ್, 8,000 ಸ್ಯಾಂಪಲ್‌ನಲ್ಲಿ ಸಿಗುವುದು 4ರ ಒಳಗೆ. 1935ರಲ್ಲೇ ಬಾನುಲಿ ಶುರುವಾಗಿ, ಆಕಾಶವಾಣಿ ಎಂಬ ಹೆಸರೂ ಹುಟ್ಟಿದ ಮೈಸೂರಿನವರ ಕಿವಿಗೆ ಈ ದನಿ ಹೊಸದಲ್ಲ.

ಮೊದಲು ಯಂತ್ರದ ಗಂಟಲು ಎಂಥದ್ದು ನೋಡಿ

ಸೈಯಾನ್ ಸೀರೀಸ್ 3ಎ, 3ಸಿ, 3ಎಂಎಕ್ಸ್: ಒಳಗೆ ಸಣ್ಣ ಸ್ಪೀಕರ್, ಮೈಕ್ ಎರಡೂ ಇವೆ, ನಿಜವಾದ ದನಿ ನುಡಿಸುತ್ತವೆ. ಕಲಿಯುವವರು ಇಲ್ಲಿಂದಲೇ ಶುರು ಮಾಡಿ. ಹಿಂದಿನ ಸೀರೀಸ್ 3ರಲ್ಲಿ ಈ ಅನುಕೂಲ ಇಲ್ಲ. ಎರಡೂ ನೋಡಲು ಅಣ್ಣತಮ್ಮಂದಿರಂತೆ ಇರುವುದರಿಂದ ಹೆಸರಿನ ಕೊನೆಯ 'ಎ' ನೋಡಿಕೊಂಡೇ ಕೊಳ್ಳಿ.

ಪಾಮ್ ಪೈಲಟ್, ಪಾಮ್ III, V, ಎಂ100: ಸ್ಪೀಕರ್ ಅನ್ನುವುದಕ್ಕಿಂತ ಪೀಜೋ ಬಿಲ್ಲೆ (ಕರೆಂಟ್ ಕೊಟ್ಟರೆ ನಡುಗಿ ಸದ್ದು ಮಾಡುವ ತೆಳು ಬಿಲ್ಲೆ) ಅನ್ನುವುದೇ ಸರಿ. ವ್ಯವಸ್ಥೆ ಅದಕ್ಕೆ ಕೊಡುವ ಆಜ್ಞೆ ಮೂರೇ ಮಾತಿನದು: ಇಷ್ಟು ಹರ್ಟ್ಸ್, ಇಷ್ಟು ಜೋರು, ಇಷ್ಟು ಹೊತ್ತು. ದನಿ ನುಡಿಸಬೇಕಾದರೆ ಹಿಂಬಾಗಿಲಿನಿಂದ ಹೋಗಬೇಕು. ಆ ದಾರಿ ಮುಂದೆ ಇದೆ.

ಐಪ್ಯಾಕ್ 3630, ಜೋರ್ನಾಡಾ 548ರಂಥ 2000ರ ಪಾಕೆಟ್ ಪಿಸಿಗಳು ಬೇರೆಯೇ ಕುಲ. ಅವಕ್ಕೆ ಎಂಪಿ3 ಬರುತ್ತದೆ.

ದನಿಯನ್ನು ಹದ ಮಾಡುವುದು

ದನಿ ತಿದ್ದುವ ಪ್ರೋಗ್ರಾಮು ಆಡಾಸಿಟಿ ಸಾಕು, ದುಡ್ಡು ಕೊಡಬೇಕಾಗಿಲ್ಲ. ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬೇಡಿ. ಒಂದೊಂದು ಹಂತವೂ ಹಿಂದಿನದರ ಮೇಲೆ ನಿಂತಿದೆ.

ಮೂಲ ಸ್ಟೀರಿಯೋ ಆಗಿದ್ದರೆ ಮೊನೊ ಮಾಡಬೇಕು. ಸಿ.ಡಿ.ಯಿಂದ ಬಂದದ್ದಾದರೆ ಎರಡೂ ಚಾನೆಲ್ ಬೆರೆಸಿ, ತೊಂದರೆಯಿಲ್ಲ. ಹಳೇ ಕ್ಯಾಸೆಟ್ಟಿನಿಂದ ತೆಗೆದದ್ದಾದರೆ ಬೆರೆಸಲೇಬೇಡಿ. ಟೇಪ್ ರೆಕಾರ್ಡರಿನ ಹೆಡ್ ಕೂದಲೆಳೆಯಷ್ಟು ವಾರೆಯಾಗಿದ್ದರೂ ಎರಡು ಚಾನೆಲ್ ನಡುವೆ ಕಾಲದಲ್ಲಿ ಅಷ್ಟಿಷ್ಟು ವ್ಯತ್ಯಾಸ ಇರುತ್ತದೆ. ಕೂಡಿಸಿದಾಗ ಮೇಲಿನ ಸ್ವರಗಳು ಒಂದನ್ನೊಂದು ಹೊಡೆದುಕೊಂಡು, ದನಿ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಎರಡನ್ನೂ ಬೇರೆ ಮಾಡಿ, ಚೆನ್ನಾಗಿ ಕೇಳುವ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸಿ.

ಆಮೇಲೆ ತಗ್ಗು ದನಿಯನ್ನು ಸೋಸಿ ತೆಗೆಯುವ ಹೈ-ಪಾಸ್ ಫಿಲ್ಟರ್. ಸೈಯಾನ್‌ಗೆ 300 ಹರ್ಟ್ಸ್, ಪಾಮ್‌ನ ಪೀಜೋ ಬಿಲ್ಲೆಗೆ 500 ಹರ್ಟ್ಸ್, ಇಳಿಜಾರು ಆಕ್ಟೇವ್‌ಗೆ 24 ಡೆಸಿಬೆಲ್. ಹೇಗೂ ಕೇಳದ ತಗ್ಗು ದನಿಯನ್ನು ಯಾಕೆ ತೆಗೆಯಬೇಕು ಅಂದರೆ, ಅದು ಕೇಳದೆ ಹೋದರೂ ಜಾಗ ಹಿಡಿದಿರುತ್ತದೆ. ಮಂಡ್ಯದ ಕಡೆ ಆಲೆಮನೆ ಪಕ್ಕದಲ್ಲಿ ಕೂತು ಹಿಡಿದ ಸೋಬಾನೆ ಪದದ ರೆಕಾರ್ಡಿಂಗ್ ಅಂದುಕೊಳ್ಳಿ. ಗಾಣದ ಎಂಜಿನ್ನಿನ ಗುಡುಗುಡು ಸದ್ದು ಅಲೆಯ ಎತ್ತರದಲ್ಲಿ ಅರ್ಧಕ್ಕರ್ಧ ತಿಂದಿರುತ್ತದೆ. ಅದನ್ನು ಕಿತ್ತುಹಾಕಿದ ಮೇಲೆ ಹಾಡುವವರ ಗಂಟಲನ್ನು ದುಪ್ಪಟ್ಟು ಎತ್ತರಿಸಲು ಜಾಗ ಸಿಗುತ್ತದೆ. ನಾಯ್ಸ್ ರಿಡಕ್ಷನ್ ಎಳೆಯುವ ಆಸೆ ಬಂದರೆ 6 ಡೆಸಿಬೆಲ್‌ಗೆ ನಿಲ್ಲಿಸಿ. ಅದಕ್ಕೂ ಮೀರಿದರೆ ಕೊಳದೊಳಗೆ ಮುಳುಗಿ ಮಾತಾಡಿದಂತೆ ಬುಳುಬುಳು ಅನ್ನುತ್ತದೆ, 8 ಬಿಟ್‌ಗೆ ಇಳಿಸಿದ ಮೇಲೆ ಇನ್ನೂ ಅಸಹ್ಯವಾಗುತ್ತದೆ.

ನಂತರ ಈಕ್ವಲೈಜರಿನಲ್ಲಿ 2ರಿಂದ 3.4 ಕಿಲೋಹರ್ಟ್ಸ್‌ವರೆಗೆ 4 ಡೆಸಿಬೆಲ್ ಎತ್ತಿ. ಜೋರು ದನಿಯನ್ನು ತಗ್ಗಿಸಿ ಏರಿಳಿತ ಕಮ್ಮಿ ಮಾಡುವ ಕಂಪ್ರೆಸರ್: ಥ್ರೆಶೋಲ್ಡ್ −20 ಡೆಸಿಬೆಲ್, ರೇಶಿಯೋ 4:1. ಪಾಮ್‌ಗಾದರೆ 6:1ರವರೆಗೂ ಹೋಗಬಹುದು. ಕೊನೆಗೆ ನಾರ್ಮಲೈಸ್ (ಇಡೀ ದನಿಯ ಮಟ್ಟವನ್ನು ಒಟ್ಟಿಗೆ ಏರಿಸುವುದು) ಮಾಡಿ −3 ಡೆಸಿಬೆಲ್‌ಗೆ ನಿಲ್ಲಿಸಿ, ಡಿಸಿ ಆಫ್‌ಸೆಟ್ ತೆಗೆಯುವ ಗುರುತನ್ನೂ ಒತ್ತಿ. ಪೂರ್ತಿ 0ಗೆ ಎತ್ತಿದರೆ ಈ ಪುಟ್ಟ ಸ್ಪೀಕರುಗಳು ಗರಗರ ಅನ್ನುತ್ತವೆ.

ಇನ್ನು 8,000ಕ್ಕೆ ಇಳಿಸುವ ಹಂತ. ಎಲ್ಲರೂ ಎಡವುವುದು ಇಲ್ಲೇ. ಟ್ರ್ಯಾಕಿನ ಹೆಸರಿನ ಪಕ್ಕದ ಮೆನುವಿನಲ್ಲಿ 'ರೇಟ್' ಅಂತ ಒಂದಿದೆ. ಅದನ್ನು 44,100ರಿಂದ 8,000ಕ್ಕೆ ಬದಲಿಸಿದರೆ ದನಿ ಐದೂವರೆ ಪಟ್ಟು ನಿಧಾನವಾಗಿ, ಬಾವಿಯೊಳಗಿನ ರಾಕ್ಷಸನಂತೆ ಕೇಳುತ್ತದೆ. ಅದು ಸ್ಯಾಂಪಲ್‌ಗಳನ್ನು ಮರುಲೆಕ್ಕ ಹಾಕುವುದಿಲ್ಲ, ಓದುವ ವೇಗವನ್ನಷ್ಟೇ ಬದಲಿಸುತ್ತದೆ. ನಿಮಗೆ ಬೇಕಾದದ್ದು 'ಟ್ರ್ಯಾಕ್ಸ್' ಮೆನುವಿನ 'ರಿಸ್ಯಾಂಪಲ್'. ಅದು 4 ಕಿಲೋಹರ್ಟ್ಸ್ ಮೇಲಿನದನ್ನು ತಾನೇ ಸೋಸಿ, ಆಮೇಲೆ ಇಳಿಸುತ್ತದೆ. ಸೋಸದೆ ಇಳಿಸುವ ಅಗ್ಗದ ಸಾಧನಗಳಲ್ಲಿ 5 ಕಿಲೋಹರ್ಟ್ಸ್‌ನ ಸದ್ದು ಮಡಚಿಕೊಂಡು 3 ಕಿಲೋಹರ್ಟ್ಸ್‌ನಲ್ಲಿ ಬಂದು ಕೂರುತ್ತದೆ, ಮಾತಿನ ಹಿಂದೆ ಜೀರುಂಡೆ ಕೂಗಿದ ಹಾಗೆ. ಒಮ್ಮೆ ಸೇರಿಕೊಂಡ ಆ ಜೀರುಂಡೆಯನ್ನು ಯಾವ ಫಿಲ್ಟರೂ ಓಡಿಸಲಾರದು.

ಕೊನೆಯ 50 ಮಿಲಿಸೆಕೆಂಡಿಗೆ ಫೇಡ್-ಔಟ್ ಕೊಡಿ. ಇಲ್ಲದಿದ್ದರೆ ಮುಗಿಯುವಾಗ ಟಕ್ ಅನ್ನುತ್ತದೆ.

ಕನ್ನಡಕ್ಕೆ ಮಾತ್ರ ಬರುವ ಎರಡು ತೊಡಕು

'ಸ'ಕಾರದ ಸೀತ್ಕಾರದ ಬಹುಪಾಲು ಇರುವುದು 4 ಕಿಲೋಹರ್ಟ್ಸ್‌ಗಿಂತ ಮೇಲೆ. 8,000 ಸ್ಯಾಂಪಲ್‌ಗೆ ಇಳಿಸಿದಾಗ ಅದು ಉದುರಿಹೋಗಿ 'ಸಕ್ಕರೆ' ಅನ್ನುವುದು 'ಹಕ್ಕರೆ'ಯೋ 'ಫಕ್ಕರೆ'ಯೋ ಆಗಿ ಕೇಳುತ್ತದೆ. 'ಶ', 'ಷ'ಗಳ ಸದ್ದು ಸ್ವಲ್ಪ ಕೆಳಗೆ ಇರುವುದರಿಂದ ಅವು ಬದುಕಿಕೊಳ್ಳುತ್ತವೆ. ಮಂಡ್ಯದ ಹಳ್ಳಿ ಮಾತಿನಲ್ಲಿ 'ಶಿವ' ಕೂಡ 'ಸಿವ'ನೇ ಆದ್ದರಿಂದ ಪೆಟ್ಟು ಜಾಸ್ತಿ. ಹೋದದ್ದನ್ನು ತರಲಾಗದು, ಆದರೆ 'ಸ'ಕಾರದ ಬಾಲ 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಅಷ್ಟಿಷ್ಟು ಉಳಿದಿರುತ್ತದೆ. ಮೇಲೆ ಹೇಳಿದ 4 ಡೆಸಿಬೆಲ್‌ನ ಎತ್ತರಿಕೆ ಅದನ್ನು ಹಿಡಿದು ನಿಲ್ಲಿಸಲಿಕ್ಕೇ. ಹೆಂಗಸರ, ಮಕ್ಕಳ ದನಿಯಾದರೆ 6ರವರೆಗೂ ಎತ್ತಿ.

ಎರಡನೆಯದು ಒತ್ತಕ್ಷರ. ಜಾಗ ಉಳಿಸಲು ಮಾತಿನ ನಡುವಿನ ಮೌನವನ್ನು ಕತ್ತರಿಸುವುದು ಒಳ್ಳೆಯ ಉಪಾಯವೇ. ನಿಧಾನವಾಗಿ ಮಾತಾಡುವವರ ರೆಕಾರ್ಡಿಂಗ್ ಕಣ್ಣಿಗೆ ಕಾಣುವಷ್ಟು ಸಣ್ಣದಾಗುತ್ತದೆ. ಆದರೆ ದುರಾಸೆ ಬೇಡ. 'ಕತ್ತೆ' ಅನ್ನುವಾಗ ನಾಲಗೆ ಹಲ್ಲಿಗೆ ಅಂಟಿ ನಿಲ್ಲುವ ಆ ಗಳಿಗೆ ನಿಜಕ್ಕೂ ಮೌನವೇ, ಸೆಕೆಂಡಿನ ಐದನೇ ಒಂದು ಪಾಲಿನ ಆಸುಪಾಸು. ಟ್ರಂಕೇಟ್ ಸೈಲೆನ್ಸ್‌ನಲ್ಲಿ 0.1 ಸೆಕೆಂಡಿನ ಮಿತಿ ಕೊಟ್ಟರೆ ಅದು ಅದನ್ನೂ ಕತ್ತರಿಸಿ 'ಕತ್ತೆ'ಯನ್ನು 'ಕತೆ' ಮಾಡಿಬಿಡುತ್ತದೆ. 0.4 ಸೆಕೆಂಡಿಗಿಂತ ಕೆಳಗೆ ಹೋಗಬೇಡಿ.

ಸಂಗೀತದ ವಿಷಯ ಎರಡೇ ಮಾತಿನಲ್ಲಿ ಹೇಳಿಬಿಡಬಹುದು. ಕೊಳಲು ಚೆನ್ನಾಗಿ ಬರುತ್ತದೆ, ಅದರ ಸ್ವರಗಳು ಇರುವುದೇ ಈ ಕಿಟಕಿಯೊಳಗೆ. ವೀಣೆಯ ಮಂದ್ರದ ಮೂಲ ಸ್ವರ ಕತ್ತರಿಸಿಹೋದರೂ ಅದರ ಮೇಲಿನ ಅನುಸ್ವರಗಳನ್ನು ಕೇಳಿ ಕಿವಿ ತಾನೇ ಶ್ರುತಿ ಊಹಿಸಿಕೊಳ್ಳುತ್ತದೆ, ನಾದದ ತೂಕ ಮಾತ್ರ ಇರುವುದಿಲ್ಲ. ಮೃದಂಗದ ಬಲಗಡೆ ಕೇಳುತ್ತದೆ, ಎಡಗಡೆಯ ಗುಂ ಮಾಯ. ಪೂರ್ತಿ ವಾದ್ಯಗೋಷ್ಠಿ ಹಾಕಿದರೆ ಗದ್ದಲ ಬಿಟ್ಟು ಬೇರೇನೂ ದಕ್ಕದು.

ಸೈಯಾನ್ ಒಳಗೆ ಸಾಗಿಸುವುದು

ಆಡಾಸಿಟಿಯ ಎಕ್ಸ್‌ಪೋರ್ಟ್‌ನಲ್ಲಿ 'ಅದರ್ ಅನ್‌ಕಂಪ್ರೆಸ್ಡ್ ಫೈಲ್ಸ್' ಆರಿಸಿ. ಹೆಡರ್ ಪಟ್ಟಿಯಲ್ಲಿ ಡಬ್ಲ್ಯುವಿಇ ಅಂತ ಇರುತ್ತದೆ, ಪಕ್ಕದಲ್ಲೇ ಸೈಯಾನ್ ಸೀರೀಸ್ 3 ಹೆಸರೂ ಇರುತ್ತದೆ. ಎನ್‌ಕೋಡಿಂಗ್ ಎ-ಲಾ. ಮೊನೊ, 8,000 ಇವೆರಡೂ ಸರಿಯಾಗಿದೆಯೇ ಮತ್ತೊಮ್ಮೆ ನೋಡಿಕೊಳ್ಳಿ. ಫೈಲಿನ ಹೆಸರು 8 ಅಕ್ಷರದೊಳಗೆ ಇರಲಿ, ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಮಾತ್ರ, ನಡುವೆ ಖಾಲಿ ಜಾಗ ಬೇಡ.

ಈ ಫೈಲಿನ ಮೊದಲ 32 ಬೈಟ್ ಹೆಡರ್. ಅದರಲ್ಲಿ 'ಎ-ಲಾ ಸೌಂಡ್ ಫೈಲ್' ಎಂಬ ಗುರುತು, ಎರಡು ನಕ್ಷತ್ರ, ಆವೃತ್ತಿ, ಆಮೇಲೆ ಒಟ್ಟು ಸ್ಯಾಂಪಲ್ ಎಷ್ಟು ಎಂಬ ಲೆಕ್ಕ ಇರುತ್ತದೆ. ಫೈಲನ್ನು ಬೈಟ್ ಬೈಟಾಗಿ ತಿದ್ದುವ ಹೆಕ್ಸ್ ಎಡಿಟರಿನಲ್ಲಿ ಕತ್ತರಿಸಿ ಅಂಟಿಸಿ ಜಾಣತನ ಮಾಡುವವರು ಈ ಲೆಕ್ಕ ತಿದ್ದುವುದನ್ನು ಮರೆಯುತ್ತಾರೆ. ಆಗ ಮಾತು ಅರ್ಧಕ್ಕೇ ನಿಂತುಹೋದರೆ ಯಂತ್ರದ ತಪ್ಪಲ್ಲ.

ಸಾಗಿಸಲು 3ಎಗೆ 3-ಲಿಂಕ್ ಕೇಬಲ್ ಬೇಕು. ಫೈಲ್ ಸಾಗಿಸುವ ಪ್ರೋಗ್ರಾಮಾಗಿ ಕಂಪ್ಯೂಟರಿನಲ್ಲಿ ಸೈವಿನ್, ಲಿನಕ್ಸ್ ಇದ್ದವರಿಗೆ ಪಿಎಲ್‌ಪಿಟೂಲ್ಸ್. ವೇಗ 19,200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ಇಡಿ. ಒಂದು ಬೈಟ್‌ಗೆ 10 ಬಿಟ್ ಲೆಕ್ಕದಲ್ಲಿ ಸೆಕೆಂಡಿಗೆ 1,900 ಬೈಟ್ ಚಿಲ್ಲರೆ ಸಾಗುತ್ತದೆ. ಒಂದು ನಿಮಿಷದ ದನಿ ಸಾಗಲು ನಾಲ್ಕು ನಿಮಿಷಕ್ಕೂ ಮೇಲೆ! ಹಾಗಾಗಿ ಮೊದಲು 20 ಸೆಕೆಂಡಿನ ತುಣುಕು ಕಳಿಸಿ ಕೇಳಿ. ಒಂದೂವರೆ ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಅದು ಸರಿಯಿದ್ದರೆ ಉದ್ದದ್ದನ್ನು ಕಳಿಸಿ ಕಾಫಿಗೆ ಎದ್ದುಹೋಗಿ. ಫೈಲ್ ಇಡಬೇಕಾದ್ದು ಒಳಗಿನ ಎಂ ಡ್ರೈವಿನ ಅಥವಾ ಎ, ಬಿ ಕಾರ್ಡುಗಳ ಡಬ್ಲ್ಯುವಿಇ ಎಂಬ ಡೈರೆಕ್ಟರಿಯಲ್ಲಿ. ಬೇರೆ ಕಡೆ ಇಟ್ಟರೆ 'ರೆಕಾರ್ಡ್' ಪ್ರೋಗ್ರಾಮಿನ ಪಟ್ಟಿಯಲ್ಲಿ ಕಾಣುವುದಿಲ್ಲ. ಸರಿಯಾದ ಜಾಗದಲ್ಲಿದ್ದರೆ ಅಲಾರಂ ದನಿಯಾಗಿಯೂ ಆರಿಸಿಕೊಳ್ಳಬಹುದು, ಬೆಳಿಗ್ಗೆ ಅಜ್ಜಿಯ ಬೈಗುಳದಿಂದಲೇ ಏಳುವ ಭಾಗ್ಯ.

ಕೇಬಲ್ ಸಿಗದವರು ಅಳಬೇಕಿಲ್ಲ. ಯಂತ್ರಕ್ಕೆ ಮೈಕ್ ಇದೆಯಲ್ಲ? ಹದ ಮಾಡಿದ ದನಿಯನ್ನು ಕಂಪ್ಯೂಟರಿನ ಒಳ್ಳೆಯ ಸ್ಪೀಕರಿನಲ್ಲಿ ನುಡಿಸಿ, ಒಂದು ಗೇಣು ದೂರದಲ್ಲಿ ಸೈಯಾನ್ ಇಟ್ಟು 'ರೆಕಾರ್ಡ್' ಒತ್ತಿ. ಅದು ಹಿಡಿಯುವುದೂ 8,000 ಎ-ಲಾ ಆದ್ದರಿಂದ ನಷ್ಟ ನೀವು ಅಂದುಕೊಂಡಷ್ಟಿಲ್ಲ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಗೋಡೆಯ ಮಾರ್ದನಿ ತಪ್ಪಿಸಲು ಮಂಚದ ಮೇಲೆ ಹಾಸಿಗೆ ನಡುವೆ ಇಡಿ. ಸ್ಪೀಕರಿನ ವಾಲ್ಯೂಮ್ ಮಾತಾಡುವಷ್ಟೇ ಇರಲಿ. ಜೋರು ಮಾಡಿದರೆ ಮೈಕೇ ಒಡೆದ ದನಿ ಕೊಡುತ್ತದೆ.

ಜಾಗದ ಬಗ್ಗೆ ಎಚ್ಚರ. 1 ಎಂಬಿಯ ಫ್ಲ್ಯಾಷ್ ಕಾರ್ಡಿಗೆ ಹಿಡಿಸುವುದು ಸುಮಾರು 2 ನಿಮಿಷ 10 ಸೆಕೆಂಡ್. ಈ ಫ್ಲ್ಯಾಷ್ ಕಾರ್ಡುಗಳಲ್ಲಿ ಫೈಲ್ ಅಳಿಸಿದರೆ ಹೆಸರು ಹೋಗುತ್ತದೆ, ಜಾಗ ಮರಳುವುದಿಲ್ಲ. ಪೂರ್ತಿ ಫಾರ್ಮ್ಯಾಟ್ ಮಾಡಿದಾಗಲೇ ಖಾಲಿ. ಆದ್ದರಿಂದ ಪ್ರಯೋಗವೆಲ್ಲ ಒಳಗಿನ ಮೆಮೊರಿಯಲ್ಲಿ ನಡೆಯಲಿ, ಕಾರ್ಡಿಗೆ ಹೋಗುವುದು ಕೊನೆಯ ಪ್ರತಿ ಮಾತ್ರ.

ಎರಡು ಡಬಲ್ ಎ ಸೆಲ್ ಹೊಸದಿರಲಿ. ರೀಚಾರ್ಜ್ ಸೆಲ್ 1.2 ವೋಲ್ಟ್ ಆದ್ದರಿಂದ ತುಂಬಿದ್ದರೂ ಯಂತ್ರ ಬೇಗನೆ ಬ್ಯಾಟರಿ ಕಮ್ಮಿ ಅನ್ನುತ್ತದೆ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಯಂತ್ರವಾದರೆ ಸೆಲ್ ಸೋರಿ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಟ್ಟಿರುತ್ತದೆ. ಅದು ಕ್ಷಾರ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಒಂದು ಹನಿ ನಿಂಬೆರಸ ಮುಟ್ಟಿಸಿ ಉಜ್ಜಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಅರ್ಧ ಗಂಟೆ ಒಣಗಲು ಬಿಡಿ. ನಿಂಬೆರಸ ಹಾಗೇ ಉಳಿದರೆ ಅದೇ ಇನ್ನೊಂದು ಕಾಯಿಲೆ.

ಪಾಮ್‌ನ ಹಿಂಬಾಗಿಲು

ಪಾಮ್ III, ಪೈಲಟ್‌ಗಳಲ್ಲಿರುವುದು ಮೊದಲ ಡ್ರ್ಯಾಗನ್‌ಬಾಲ್ ಚಿಪ್. IIIಎಕ್ಸ್, V, ಎಂ100, ಹ್ಯಾಂಡ್‌ಸ್ಪ್ರಿಂಗ್ ವೈಸರ್‌ಗಳಲ್ಲಿರುವುದು ಡ್ರ್ಯಾಗನ್‌ಬಾಲ್ ಇಜೆಡ್. ಈ ಇಜೆಡ್ ಚಿಪ್ಪಿನಲ್ಲಿ ಪಲ್ಸ್ ಅಗಲ ಬದಲಿಸುವ ಒಂದು ಘಟಕ ಇದೆ. ಅದಕ್ಕೆ 8 ಬಿಟ್‌ನ ಸ್ಯಾಂಪಲ್ ತಿನ್ನಿಸಬಹುದು, 5 ಬೈಟ್‌ನ ಪುಟ್ಟ ಸರದಿಯೂ ಇದೆ. ದನಿ ನುಡಿಸುವ ಪ್ರೋಗ್ರಾಮುಗಳು ವ್ಯವಸ್ಥೆಯ ಮೂರು ಮಾತಿನ ಆಜ್ಞೆಯನ್ನು ಬದಿಗಿಟ್ಟು ನೇರ ಈ ಘಟಕಕ್ಕೇ ಬೈಟ್ ತುಂಬುತ್ತವೆ. 5 ಬೈಟ್ ಅಂದರೆ 8,000ದ ಲೆಕ್ಕದಲ್ಲಿ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಅಷ್ಟರೊಳಗೆ ಮತ್ತೆ ತುಂಬದಿದ್ದರೆ ದನಿ ಕಡಿಯುತ್ತದೆ. ಅದಕ್ಕೇ ನುಡಿಸುವಾಗ ಪರದೆ ಕಲ್ಲಿನಂತೆ ನಿಲ್ಲುವುದು. ಗಾಬರಿಯಾಗಿ ರೀಸೆಟ್ ಒತ್ತಬೇಡಿ.

16.58 ಮೆಗಾಹರ್ಟ್ಸ್ ಗಡಿಯಾರವನ್ನು 2ರಿಂದ, ಮತ್ತೆ 256ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 32,400 ಪಲ್ಸ್. ಒಂದೊಂದು ಸ್ಯಾಂಪಲನ್ನು 4 ಸಲ ನುಡಿಸಿದರೆ 8,100. ಹಾಗಾಗಿ 8,000ದ ಫೈಲ್ ಕೂದಲಷ್ಟು ಏರು ಶ್ರುತಿಯಲ್ಲಿ ಬರುತ್ತದೆ, ಮಾತಿನಲ್ಲಿ ಗೊತ್ತೇ ಆಗದು. ಆದರೆ ಇದೇ ಲೆಕ್ಕ ಕಟ್ಟಿಕೊಂಡ ಪ್ರೋಗ್ರಾಮನ್ನು 20 ಮೆಗಾಹರ್ಟ್ಸ್‌ನ ಪಾಮ್ Vಎಕ್ಸ್‌ನಲ್ಲಿ ಓಡಿಸಿದರೆ ಐದನೇ ಒಂದು ಪಾಲು ವೇಗ ಹೆಚ್ಚಿ ದೊಡ್ಡವರ ದನಿ ಚಿಕ್ಕ ಹುಡುಗರದಾಗುತ್ತದೆ. ಆಗ ಫೈಲನ್ನು 9,700ಕ್ಕೆ ರಿಸ್ಯಾಂಪಲ್ ಮಾಡಿ ಕೊಡಿ, ಸರಿಹೋಗುತ್ತದೆ.

ಇಲ್ಲಿ ಬೇಕಾದದ್ದು 8 ಬಿಟ್ ವೇವ್ ಫೈಲ್, ಎ-ಲಾ ಅಲ್ಲ. ವೇವ್‌ನಲ್ಲಿ 8 ಬಿಟ್ ಅಂದರೆ ಚಿಹ್ನೆ ಇಲ್ಲದ್ದು, ಮೌನ 128ರಲ್ಲಿ ಕೂತಿರುತ್ತದೆ. ಚಿಹ್ನೆ ಇರುವ ಕಚ್ಚಾ ಡೇಟಾ ಕೊಟ್ಟರೆ ಮಾತಿನ ಬದಲು ಹಂಚಿನ ಮೇಲೆ ಜಲ್ಲಿ ಸುರಿದ ಸದ್ದು ಬರುತ್ತದೆ. 8 ಬಿಟ್‌ಗೆ ಸಿಗುವ ಏರಿಳಿತ 48 ಡೆಸಿಬೆಲ್ ಮಾತ್ರ. ಎ-ಲಾ ಸಣ್ಣ ದನಿಗೆ ಹೆಚ್ಚು ಮೆಟ್ಟಿಲು ಕೊಡುವ ಜಾಣ ಪದ್ಧತಿ, ಇದಕ್ಕೆ ಆ ಜಾಣತನ ಇಲ್ಲ. ಆದ್ದರಿಂದಲೇ ಕಂಪ್ರೆಸರ್ 6:1 ಅಂದದ್ದು. ಪಿಸುಮಾತು ಮೇಲೆದ್ದು ನಿಲ್ಲದಿದ್ದರೆ ಸುಯ್ ಅನ್ನುವುದರಲ್ಲಿ ಮುಳುಗುತ್ತದೆ.

ಪಾಮ್‌ನಲ್ಲಿ ಫೈಲ್ ಅನ್ನುವುದಿಲ್ಲ, ಡೇಟಾಬೇಸ್ ಮತ್ತು ದಾಖಲೆಗಳು. ಒಂದು ದಾಖಲೆ 64 ಕೆಬಿ ಮೀರುವಂತಿಲ್ಲ, ಅಂದರೆ 8 ಸೆಕೆಂಡಿನ ದನಿ. ಪರಿವರ್ತಕ ಪ್ರೋಗ್ರಾಮು ಹೀಗೆ ತುಂಡು ಮಾಡಿ ಜೋಡಿಸುತ್ತದೆ. 8 ಸೆಕೆಂಡಿಗೊಮ್ಮೆ ಚಿಟ್ ಎಂದು ಕೇಳಿದರೆ ತುಂಡಿನಿಂದ ತುಂಡಿಗೆ ದಾಟುವಾಗ ಸರದಿ ಖಾಲಿಯಾಗಿದೆ ಎಂದರ್ಥ, ನಿಮ್ಮ ಫೈಲ್ ಕೆಟ್ಟಿಲ್ಲ. ಏನೂ ಕೇಳದಿದ್ದರೆ ಪ್ರಿಫರೆನ್ಸಸ್‌ನ ಜನರಲ್ ಪುಟದಲ್ಲಿ ಸಿಸ್ಟಮ್, ಅಲಾರಂ, ಗೇಮ್ ಮೂರೂ ದನಿಗಳನ್ನು 'ಹೈ' ಮಾಡಿ ನೋಡಿ.

ಬರೀ ರಾಗದ ತುಣುಕು ಸಾಕು ಅನ್ನುವವರಿಗೆ ಪಾಮ್ ಓಎಸ್ 3ರಿಂದ ಮಿಡಿ (ದನಿಯ ಬದಲು ಸ್ವರಗಳ ಪಟ್ಟಿಯನ್ನಷ್ಟೇ ಇಡುವ ಪದ್ಧತಿ) ಬೆಂಬಲ ಇದೆ. ಒಂದು ಸಲಕ್ಕೆ ಒಂದೇ ಸ್ವರ. 'ಸಿಸ್ಟಮ್ ಮಿಡಿ ಸೌಂಡ್ಸ್' ಡೇಟಾಬೇಸಿಗೆ ಸೇರಿಸಿದರೆ ಅಲಾರಂ ಪಟ್ಟಿಯಲ್ಲಿ ಕಾಣುತ್ತದೆ. ರಾಗವನ್ನು ಒಂದು ಸ್ಥಾಯಿ ಮೇಲಕ್ಕೆ ಏರಿಸಿ ಬರೆಯಿರಿ, ಪೀಜೋ ಬಿಲ್ಲೆಗೆ ಕೆಳಗಿನ ಸ್ವರ ಬಾರದು. ಗಮಕ ಕೇಳಬೇಡಿ, ಹಾರ್ಮೋನಿಯಂ ಮನೆಯಂತೆ ಮೆಟ್ಟಿಲು ಮೆಟ್ಟಿಲಾಗಿಯೇ ಬರುತ್ತದೆ. ತೋಡಿಯನ್ನು ಇದರಲ್ಲಿ ಕೂಡಿಸಲು ಹೋದವರು ಯಾರ ಎದುರೂ ನುಡಿಸದಿರುವುದು ಕ್ಷೇಮ.

ದನಿ ಸಣ್ಣದಾಯಿತು ಅಂದರೆ ಯಂತ್ರವನ್ನು ಮೈಸೂರು ಪಾಕಿನ ಖಾಲಿ ರಟ್ಟಿನ ಡಬ್ಬದ ಮೇಲೆ ಮಲಗಿಸಿ. ತೆಳು ಮುಚ್ಚಳ ವೀಣೆಯ ಕೊಡದಂತೆ ಜೊತೆಗೂಡಿ ನಡುಗುತ್ತದೆ, ದನಿಗೆ ಸ್ವಲ್ಪ ಮೈ ಬರುತ್ತದೆ. ಸ್ಟೀಲ್ ಲೋಟದೊಳಗೆ ಇಟ್ಟರೆ ಜೋರು ಬರುತ್ತದೆ ನಿಜ, ಆದರೆ ಲೋಟದ್ದೇ ಗುಂಯ್ ಸೇರಿಕೊಂಡು ಮಾತು ತಿಳಿಯುವುದಿಲ್ಲ.

ಪಾಕೆಟ್ ಪಿಸಿಗಳು

ಐಪ್ಯಾಕ್ 3630ಯಲ್ಲಿ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್, 32 ಎಂಬಿ ಮೆಮೊರಿ, ಹೆಡ್‌ಫೋನ್ ಕಿಂಡಿ ಎಲ್ಲ ಇವೆ. ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರಿನಲ್ಲಿ ಇದ್ದದ್ದೂ ಇದೇ ಚಿಪ್. ಓದು ಬಾರದವರಿಗೆ ಪಠ್ಯವನ್ನು ಓದಿ ಹೇಳಬೇಕು ಅನ್ನುವುದು ಅದರ ಉದ್ದೇಶಗಳಲ್ಲಿ ಒಂದು. ಈ ಚಿಪ್ಪಿಗೆ ದಶಮಾಂಶದ ಲೆಕ್ಕ ಮಾಡುವ ಘಟಕ ಇಲ್ಲ. ಪೂರ್ಣಾಂಕದಲ್ಲೇ ಲೆಕ್ಕ ಮುಗಿಸುವ ಪ್ಲೇಯರ್ ಆದರೆ ಎಂಪಿ3 ಸರಾಗ. ಡೆಸ್ಕ್‌ಟಾಪಿನ ಕೋಡನ್ನು ಹಾಗೇ ಕಟ್ಟಿದ್ದಾದರೆ ತೊದಲುತ್ತದೆ. ಒಳಗಿನ ಮೆಮೊರಿಯನ್ನು ಪ್ರೋಗ್ರಾಮುಗಳೂ ಫೈಲುಗಳೂ ಹಂಚಿಕೊಳ್ಳುವುದರಿಂದ 128 ಕಿಲೋಬಿಟ್ ಸ್ಟೀರಿಯೋ ಹಾಕಿದರೆ ನಿಮಿಷಕ್ಕೆ 9,60,000 ಬೈಟ್ ಹೋಗುತ್ತದೆ. ಹರಿಕತೆ, ಪ್ರವಚನ, ನಾಟಕಕ್ಕೆ 64ರ ಮೊನೊ ಧಾರಾಳ. ಹಾಡು ಬೇಕಾದರೆ ಹಿಂಬದಿಗೆ ತೊಡಿಸುವ ಜಾಕೆಟ್ ಮತ್ತು ಕಾಂಪ್ಯಾಕ್ಟ್ ಫ್ಲ್ಯಾಷ್ ಕಾರ್ಡ್ ಹುಡುಕಿ. ಮೀಡಿಯಾ ಪ್ಲೇಯರಿನಲ್ಲಿ ಒಂದು ಗುಂಡಿಗೆ ಪರದೆ ಆರಿಸುವ ಕೆಲಸ ವಹಿಸಿಕೊಟ್ಟರೆ ಹಳೇ ಬ್ಯಾಟರಿಯೂ ಇನ್ನಷ್ಟು ಹೊತ್ತು ತಾಳುತ್ತದೆ.

ಇವುಗಳ ಮೆಮೊರಿಯೂ ಹಳೇ ಪಾಮ್‌ಗಳ ಮೆಮೊರಿಯೂ ಕರೆಂಟ್ ಇದ್ದಷ್ಟು ಹೊತ್ತು ಮಾತ್ರ ನೆನಪಿಡುತ್ತವೆ. ಪಾಮ್ IIIರಲ್ಲಿ ಸೆಲ್ ಬದಲಿಸುವಾಗ ಹೊಸದನ್ನು ಪಕ್ಕದಲ್ಲೇ ಸುಲಿದಿಟ್ಟುಕೊಂಡು ಶುರು ಮಾಡಿ. ಒಂದು ನಿಮಿಷ ತಡವಾದರೆ ಕಷ್ಟಪಟ್ಟು ಕೂಡಿಸಿದ್ದೆಲ್ಲ ಅಳಿಸಿಹೋಗುತ್ತದೆ. ಹದ ಮಾಡಿದ 8,000ದ ಫೈಲುಗಳ ಒಂದು ಪ್ರತಿ ದೊಡ್ಡ ಕಂಪ್ಯೂಟರಿನಲ್ಲಿ ಇರಲಿ, ಮೂಲ ರೆಕಾರ್ಡಿಂಗ್ ಬೇರೆ ಫೋಲ್ಡರಿನಲ್ಲಿ. ಎರಡಕ್ಕೂ ಒಂದೇ ಹೆಸರಿಟ್ಟು ಮೂಲದ ಮೇಲೇ ಸೇವ್ ಮಾಡಿದರೆ ಅಜ್ಜಿಯ ಪೂರ್ತಿ ದನಿ ಮತ್ತೆ ಸಿಗುವುದಿಲ್ಲ.